ಸ್ಟ್ಯಾಂಡರ್ಡ್ ಆಮೇಲೆ, ಮೊದಲು ಖರೀದಿ ವಿಭಾಗದವರನ್ನ ಕಮಿಟಿಗೆ ಕರೀರಿ

ಯೂನಿವರ್ಸಿಟಿಗೆ ವೆಬ್ ಆಕ್ಸೆಸಿಬಿಲಿಟಿ (ಅಂಗವೈಕಲ್ಯ ಇರೋರೂ ವೆಬ್‌ಸೈಟ್ ಬಳಸೋ ಹಾಗಿರೋದು) ಪಾಲಿಸಿ ಬರೀಬೇಕು, ಅದಕ್ಕಿರೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಡಬ್ಲ್ಯೂಸಿಎಜಿಯ 2.1 ಆವೃತ್ತಿ ಇಟ್ಕೊಳ್ಳೋದಾ 2.2 ಇಟ್ಕೊಳ್ಳೋದಾ, ಟೆಂಪ್ಲೇಟ್ ಇದ್ರೆ ಕೊಡಿ ಅಂದಿದೀರಿ. ನಾವೂ ಇದೇ ಪ್ರಶ್ನೆ ಹಿಡ್ಕೊಂಡು ಮೀಟಿಂಗ್ ಮೇಲೆ ಮೀಟಿಂಗ್ ಮಾಡಿದವರು. ಆಗ ನಾನು ಒಂದು ಯೂನಿವರ್ಸಿಟಿಯ ವೆಬ್‌ಸೈಟ್ ನೋಡ್ಕೊಳ್ತಿದ್ದೆ, ಡ್ರಾಫ್ಟ್ ಬರೆದಿದ್ದು ನಾನೇ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿ ಏನಿದೆ ಅಂತ ಹೇಳೋ ಬರಹ), ವಿಡಿಯೋಗೆ ಕ್ಯಾಪ್ಷನ್, ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1, ಹೆಡಿಂಗ್ ಸರಿಯಾದ ಕ್ರಮದಲ್ಲಿ, ಎಲ್ಲಾ ಇತ್ತು ಅದರಲ್ಲಿ. ಪಾಸೂ ಆಯ್ತು.

ಅದಾಗಿ ಸ್ವಲ್ಪ ದಿನಕ್ಕೆ ಪರೀಕ್ಷಾ ವಿಭಾಗದವರು ಹೊರಗಿನ ಕಂಪನಿಯಿಂದ ಹೊಸ ರಿಜಿಸ್ಟ್ರೇಷನ್ ಪೋರ್ಟಲ್ ತಗೊಂಡ್ರು. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಪರದೆಯಲ್ಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಹಾಕ್ಕೊಂಡು ಫಾರ್ಮ್ ತುಂಬೋಕೆ ಕೂತ್ರೆ, ಲಾಗಿನ್‌ನಲ್ಲೇ ಚಿತ್ರದ ಕ್ಯಾಪ್ಚಾ, ಆಡಿಯೋ ಇಲ್ಲ. ಅದನ್ನ ಯಾರೋ ಓದಿ ಹೇಳಿ ಒಳಗೆ ಹೋದ್ರೆ ಯಾವ ಬಾಕ್ಸಿಗೂ ಲೇಬಲ್ ಇಲ್ಲ, ಹೆಸರು ಬರೀಬೇಕಾ ರಿಜಿಸ್ಟರ್ ನಂಬರ್ ಬರೀಬೇಕಾ ಗೊತ್ತಾಗಲ್ಲ, ಸ್ಕ್ರೀನ್ ರೀಡರ್ ಬರೀ "ಎಡಿಟ್, ಎಡಿಟ್" ಅನ್ನುತ್ತೆ, ಹುಟ್ಟಿದ ತಾರೀಖಿನ ಕ್ಯಾಲೆಂಡರ್ ಮೌಸ್ ಇಲ್ದೆ ತೆರೆಯೋದೇ ಇಲ್ಲ, ತಪ್ಪಾದ್ರೆ ಬಾಕ್ಸಿನ ಅಂಚು ಕೆಂಪಗಾಗುತ್ತೆ ಅಷ್ಟೇ, ಇಷ್ಟೆಲ್ಲಾ ಒದ್ದಾಡೋ ಹೊತ್ತಿಗೆ ಸೆಷನ್ ಮುಗಿದು ಮತ್ತೆ ಲಾಗಿನ್. ಕೊನೆಗೆ ಆಕೆ ಕ್ಲಾಸ್‌ಮೇಟ್ ಕೈಗೆ ಪಾಸ್‌ವರ್ಡ್ ಕೊಟ್ಟು ಪಕ್ಕದಲ್ಲಿ ಕೂತು ತುಂಬಿಸಿದ್ರು. ತನ್ನ ಮಾರ್ಕ್ಸು, ಬಾಕಿ ಇರೋ ಫೀಸು ಎಲ್ಲಾ ಇನ್ನೊಬ್ಬರು ನೋಡೋ ಹಾಗಾಯ್ತಲ್ಲ ಅಂತ ನನ್ನ ಹತ್ರ ಬಂದು ಹೇಳಿದಾಗ ನನ್ನ ಬಾಯಲ್ಲಿ ಮಾತಿರಲಿಲ್ಲ.

ಎಡವಿದ್ದು ಎಲ್ಲಿ ಅಂದ್ರೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಮ್ಮ ಪಾಲಿಸಿ ಪೂರ್ತಿ ಪೇಜ್ ಬರೆಯೋರಿಗೆ ಹೇಳಿದ್ದು, ಸಾಫ್ಟ್‌ವೇರ್ ಕೊಳ್ಳೋರಿಗೆ ಒಂದು ಸಾಲೂ ಇರಲಿಲ್ಲ. ಖರೀದಿ ವಿಭಾಗದವರನ್ನ ನಾವು ಕಮಿಟಿಗೆ ಕರೆದೇ ಇರಲಿಲ್ಲ. ವಿದ್ಯಾರ್ಥಿಗೆ ನಿಜವಾಗ್ಲೂ ಬೇಕಾಗಿರೋದು ಏನು ಹೇಳಿ? ಅಡ್ಮಿಷನ್, ಫೀಸ್, ಪಾಠ, ಅಸೈನ್‌ಮೆಂಟ್ ನಡೆಯೋ ಎಲ್‌ಎಂಎಸ್, ಲೈಬ್ರರಿ ಡೇಟಾಬೇಸ್, ರಿಸಲ್ಟ್. ಇದರಲ್ಲಿ ಹೆಚ್ಚಿನದು ನಾವು ಬರೆದದ್ದಲ್ಲ, ಕೊಂಡಿದ್ದು. ಸರಿ ಮಾಡಿಕೊಡಿ ಅಂತ ಕಂಪನಿಗೆ ಹೇಳಿದ್ರೆ ಅದು ಎಕ್ಸ್‌ಟ್ರಾ ಕೆಲಸ, ಬೇರೆ ಕೊಟೇಶನ್ ಕೊಡ್ತೀವಿ ಅಂದ್ರು. ಪೇಮೆಂಟ್ ತಡೀರಿ ಅಂತ ಖರೀದಿಯವರ ಹತ್ರ ಹೋದ್ರೆ, ಟೆಂಡರ್‌ನಲ್ಲಿ ಇಲ್ಲದ ಷರತ್ತಿಗೆ ಹೇಗೆ ತಡೆಯೋದು ಅಂದ್ರು, ಅವರು ಹೇಳಿದ್ದು ನ್ಯಾಯವೇ. ಸಹಿ ಆಗೋವರೆಗೆ ಮಾತ್ರ ನಮ್ಮ ಮಾತಿಗೆ ಬೆಲೆ, ಆಮೇಲೆ ಕಾಂಟ್ರಾಕ್ಟ್ ಮುಗಿಯೋವರೆಗೆ ಎಷ್ಟೋ ಬ್ಯಾಚ್ ಮಕ್ಕಳು ಅದೇ ಪೋರ್ಟಲ್ ಜೊತೆ ಹೆಣಗಬೇಕು.

ಅದಕ್ಕೇ ಟೆಂಪ್ಲೇಟ್ ಬೇಡ ಅಂತೀನಿ. ನಿಮ್ಮಲ್ಲಿ ಫೈಲ್ ಯಾವ ಟೇಬಲ್‌ನಿಂದ ಯಾವ ಟೇಬಲ್‌ಗೆ ಹೋಗುತ್ತೆ ಅನ್ನೋದು ಯಾವ ಟೆಂಪ್ಲೇಟ್‌ಗೂ ಗೊತ್ತಿರಲ್ಲ. ಟೆಂಡರ್‌ನಲ್ಲೇ ಆಕ್ಸೆಸಿಬಿಲಿಟಿ ಷರತ್ತು ಇರ್ಬೇಕು, ದೋಷ ಸಿಕ್ಕರೆ ಎಷ್ಟು ದಿನದಲ್ಲಿ, ಯಾರ ಖರ್ಚಲ್ಲಿ ಸರಿ ಮಾಡ್ಬೇಕು, ಮಾಡದಿದ್ರೆ ಯಾವ ಕಂತು ನಿಲ್ಲುತ್ತೆ ಅಂತ ಕಾಂಟ್ರಾಕ್ಟ್‌ನಲ್ಲಿ ಬರೆದಿರ್ಬೇಕು. ಕಂಪನಿಯವರು ತಮ್ಮ ಸಾಫ್ಟ್‌ವೇರ್ ಎಷ್ಟರ ಮಟ್ಟಿಗೆ ಆಕ್ಸೆಸಿಬಲ್ ಅಂತ ಹೇಳೋ ವಿಪ್ಯಾಟ್ (VPAT) ಅಂತ ಒಂದು ಫಾರ್ಮ್ ತುಂಬಿ ಕೊಡ್ತಾರೆ, ತಗೊಳ್ಳಿ, ಆದ್ರೆ ಅದು ಅವರೇ ತಮ್ಮ ಬಗ್ಗೆ ಬರೆದುಕೊಂಡಿದ್ದು ಅಂತ ನೆನಪಿರ್ಲಿ. ಡೆಮೋ ದಿನ ಮೌಸ್ ಕಿತ್ತಿಟ್ಟು ಲಾಗಿನ್‌ನಿಂದ ರಸೀದಿವರೆಗೆ ಬರೀ ಕೀಬೋರ್ಡ್‌ನಲ್ಲಿ ಮಾಡಿ ತೋರಿಸಿ ಅನ್ನಿ. ಆಮೇಲೆ ದಿನಾ ಸ್ಕ್ರೀನ್ ರೀಡರ್ ಬಳಸೋ ಒಬ್ಬರ ಹತ್ರ ಅದೇ ಕೆಲಸ ಮಾಡಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ. ಆಟೋಮ್ಯಾಟಿಕ್ ಟೂಲ್ ಆಲ್ಟ್ ಟೆಕ್ಸ್ಟ್ ಇದೆಯಾ ಇಲ್ವಾ ಹೇಳುತ್ತೆ, ಅದರಲ್ಲಿ ಬರೆದಿರೋದಕ್ಕೆ ಅರ್ಥ ಇದೆಯಾ ಅಂತ ಹೇಳಲ್ಲ. ಒಂದು ಸಾಲು ಕೋಡ್ ಹಾಕಿದ್ರೆ ಇಡೀ ಸೈಟ್ ಸರಿಹೋಗುತ್ತೆ ಅನ್ನೋ ಓವರ್‌ಲೇಗಳನ್ನಂತೂ ಕೊಳ್ಳಲೇಬೇಡಿ.

ಸ್ಟ್ಯಾಂಡರ್ಡ್ ಪ್ರಶ್ನೆಗೆ ಉತ್ತರ ಚಿಕ್ಕದು, 2.2 ಡಬಲ್ ಎ, ಅಂದ್ರೆ ಎ, ಡಬಲ್ ಎ, ಟ್ರಿಪಲ್ ಎ ಅನ್ನೋ ಮೂರು ಹಂತದಲ್ಲಿ ನಡುವಿನದು. 2.2 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ, ಹಳತಾಯ್ತು ಅಂತ ಕೈಬಿಟ್ಟ 4.1.1ನೇ ನಿಯಮ ಒಂದನ್ನ ಬಿಟ್ರೆ 2.1ರಲ್ಲಿರೋದೆಲ್ಲಾ ಅದರಲ್ಲೂ ಇದೆ. ಟ್ರಿಪಲ್ ಎ ಹಾಕೋಣ ಅಂತ ಯಾರಾದ್ರೂ ಹುರುಪಿನಲ್ಲಿ ಹೇಳಿದ್ರೆ ಒಪ್ಪಬೇಡಿ, ಇಡೀ ಸೈಟಿಗೆ ಅದನ್ನ ಕಡ್ಡಾಯ ಮಾಡೋದು ಬೇಡ ಅಂತ ಸ್ಟ್ಯಾಂಡರ್ಡ್ ಬರೆದ ಡಬ್ಲ್ಯೂ3ಸಿಯವರೇ ಹೇಳಿದಾರೆ.

ಹಳೇ ಪಿಡಿಎಫ್ ರಾಶಿ ಪೂರ್ತಿ ಸರಿ ಮಾಡ್ತೀವಿ ಅಂತ ಮಾತ್ರ ಬರೀಬೇಡಿ, ಆಗಲ್ಲ. ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆ ಸ್ಕ್ರೀನ್ ರೀಡರ್‌ಗೆ ಬರೀ ಚಿತ್ರ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಅದು ಅರ್ಥವಿಲ್ಲದ ಅಕ್ಷರ ಮಾಡಿ ಓದುತ್ತೆ. ಇಂಥ ತಾರೀಖಿನಿಂದ ಹಾಕೋದೆಲ್ಲಾ ಸರಿ ಇರ್ಬೇಕು, ಹಳೇದರಲ್ಲಿ ಸಿಲಬಸ್, ಫಾರ್ಮ್‌ನಂಥ ದಿನಾ ಬೇಕಾಗೋದು ಮೊದಲು, ಮಿಕ್ಕಿದ್ದು ಯಾರಾದ್ರೂ ಕೇಳಿದ್ರೆ ಇಷ್ಟು ದಿನದೊಳಗೆ, ಹೀಗೆ ಬರೀರಿ. ಹೊಣೆ ಕಮಿಟಿಗೆ ಅನ್ನಬೇಡಿ, ಒಂದು ಹುದ್ದೆಯ ಹೆಸರು ಹಾಕಿ, ಖರೀದಿ ಫೈಲ್ ತಡೆಯೋ ಅಧಿಕಾರ ಆ ಹುದ್ದೆಗೆ ಇರ್ಲಿ.

ಡ್ರಾಫ್ಟ್ ಶುರು ಮಾಡೋ ಮುಂಚೆ ಖರೀದಿ ವಿಭಾಗಕ್ಕೆ ಹೋಗಿ, ಮುಂದಿನ ವರ್ಷ ಯಾವ ಯಾವ ಸಾಫ್ಟ್‌ವೇರ್ ರಿನ್ಯೂವಲ್‌ಗೆ ಬರುತ್ತೆ ಅಂತ ಪಟ್ಟಿ ಕೇಳಿ. ಅದರಲ್ಲಿ ಪರೀಕ್ಷೆಗೋ ಫೀಸಿಗೋ ಸಂಬಂಧಪಟ್ಟಿದ್ದು ಒಂದಿದ್ರೂ ಆ ಷರತ್ತುಗಳನ್ನ ಈಗ್ಲೇ ಬರೆದು ಕೊಟ್ಟುಬಿಡಿ, ಪಾಲಿಸಿ ಪಾಸಾಗ್ಲಿ ಅಂತ ಕಾಯಬೇಡಿ.