‘ಹೇಳಿಬಿಟ್ಟೆಯಾ’ ಎಂದವರು ಯಾರು? ಒಬ್ಬ ಬರಹಗಾರರಿಗೆ ಪತ್ರ

ನಮಸ್ಕಾರ.

ನೀವು ಕಳಿಸಿದ ‘ನಾಲಿಗೆ ಜಾರಿದ ತಾಯಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನಿಮ್ಮ ಗದ್ಯ ಓದಿಸಿಕೊಂಡು ಹೋಗುತ್ತದೆ, ನನ್ನ ಆತಂಕಕ್ಕೆ ಕಾರಣವೂ ಅದೇ. ಹಾಗೆ ಓದಿಕೊಂಡು ಹೋದವರು ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒಬ್ಬ ತಾಯಿ ತನ್ನ ಮಗುವಿನ ಸಾವಿನಲ್ಲಿ ಪಾಲುಗಾರಳು ಎಂದು ನಂಬಿರುತ್ತಾರೆ. ಆಕೆಯ ಮೇಲೆ ಯಾವ ಆರೋಪವೂ ದಾಖಲಾಗಲಿಲ್ಲ. ಆದ್ದರಿಂದಲೇ ಆಕೆಯ ಹೆಸರನ್ನು ನಾನು ಈ ಪತ್ರದಲ್ಲಿ ಬರೆಯುತ್ತಿಲ್ಲ, ನೀವೂ ತೆಗೆಯಿರಿ.

ಪ್ರಕರಣ ನಿಮಗೆ ಗೊತ್ತಿರುವುದೇ. 2014ರ ಜೂನ್ 18ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ 22 ತಿಂಗಳ ಗಂಡುಮಗುವನ್ನು ಶಿಶುಪಾಲನಾ ಕೇಂದ್ರಕ್ಕೆ ಬಿಡಬೇಕಿದ್ದ ತಂದೆ ನೇರವಾಗಿ ಕಚೇರಿಗೆ ಹೋದ. ಸುಮಾರು ಏಳು ಗಂಟೆ ಬಿಸಿಲಿಗೆ ನಿಂತಿದ್ದ ಕಾರಿನೊಳಗೆ ಮಗು ತೀರಿಕೊಂಡಿತು. ತಂದೆಯ ಬಂಧನವಾಯಿತು. ಪೊಲೀಸ್ ವಿಚಾರಣಾ ಕೊಠಡಿಯಲ್ಲಿ ಅವನನ್ನು ಕಂಡ ಹೆಂಡತಿ ಇಂಗ್ಲಿಷಿನ ಐದು ಪದಗಳಲ್ಲಿ ಒಂದು ಪ್ರಶ್ನೆ ಕೇಳಿದಳು: “Did you say too much?” ನಿಮ್ಮ ಇಡೀ ಲೇಖನ ಆ ಐದು ಪದಗಳ ಮೇಲೆ ನಿಂತಿದೆ.

ನೀವು ಅವನ್ನು ಕನ್ನಡಕ್ಕೆ ತಂದಿರುವುದು ಹೀಗೆ: “ಎಲ್ಲವನ್ನೂ ಹೇಳಿಬಿಟ್ಟೆಯಾ?”

ಆಕೆ ಹಾಗೆ ಕೇಳಲಿಲ್ಲ. ಮೂಲದಲ್ಲಿರುವುದು ‘ಹೆಚ್ಚು’, ಅತಿಯಾಯಿತೇ ಎಂಬ ಅರ್ಥದ ಹೆಚ್ಚು. ಅದು ನಿಮ್ಮ ಕೈಯಲ್ಲಿ ‘ಎಲ್ಲವನ್ನೂ’ ಆದಾಗ, ಗಂಡಹೆಂಡಿರ ನಡುವೆ ಮುಚ್ಚಿಟ್ಟ ಏನೋ ಒಂದು ಇತ್ತೆಂದು ಓದುಗ ಒಪ್ಪಿಕೊಂಡೇ ಮುಂದೆ ಹೋಗುತ್ತಾನೆ. ಅದಕ್ಕಿಂತ ದೊಡ್ಡ ತಪ್ಪು ಆ ‘ಬಿಟ್ಟೆಯಾ’. ಗಾಜು ಒಡೆದುಬಿಟ್ಟಿತು, ಬಾಯಿ ತಪ್ಪಿ ಅಂದುಬಿಟ್ಟೆ ಎನ್ನುವಾಗ ‘ಬಿಡು’ ಏನು ಮಾಡುತ್ತದೆ ನೋಡಿ. ಆಗಬಾರದ್ದು ಆಯಿತು, ಇನ್ನು ಹಿಂದಕ್ಕೆ ತರಲಾಗದು ಎಂಬ ಭಾವ ಅದರ ಬೆನ್ನಿಗೇ ಬರುತ್ತದೆ. ಇಂಗ್ಲಿಷ್ ಪ್ರಶ್ನೆಯಲ್ಲಿ ಆ ಕ್ರಿಯಾಪದವಿಲ್ಲ. ಅದನ್ನು ಆಕೆಯ ಬಾಯಿಗೆ ಇಟ್ಟವರು ನೀವು. “ಹೆಚ್ಚು ಮಾತನಾಡಿದೆಯಾ?” ಎಂದು ಬರೆದು ನೋಡಿ. ಲೇಖನದ ಅರ್ಧ ಆವೇಶ ಅಲ್ಲೇ ಇಳಿಯುತ್ತದೆ. ಮಾತನ್ನು ಬೆಳೆಸುವ ಸ್ವಭಾವದ ಗಂಡನಿಗೆ ಹೆಂಡತಿ ಕೇಳಬಹುದಾದ ಪ್ರಶ್ನೆ ಅದು. ವಕೀಲರಿಲ್ಲದೆ ಪೊಲೀಸರೆದುರು ಕುಳಿತವನ ಬಗ್ಗೆ ಯಾರಿಗಾದರೂ ಹುಟ್ಟಬಹುದಾದ ಭಯವೂ ಹೌದು. ನೀವು ಹೇಳುವ ಕರಾಳ ಅರ್ಥವನ್ನೂ ಅದು ತಳ್ಳಿಹಾಕುವುದಿಲ್ಲ. ಮೂರಕ್ಕೂ ಬಾಗಿಲು ತೆರೆದಿರುವ ವಾಕ್ಯ ಅದು. ಎರಡು ಬಾಗಿಲನ್ನು ನೀವು ಮುಚ್ಚಿದಿರಿ, ಮುಚ್ಚಿದ್ದನ್ನು ಓದುಗರಿಗೆ ತಿಳಿಸಲಿಲ್ಲ.

ಎರಡನೆಯ ಮಾತಿನಲ್ಲೂ ಇದೇ ಆಗಿದೆ. ಸಂಜೆ ಮಗುವನ್ನು ಕರೆದುಕೊಂಡು ಬರಲು ಹೋದಾಗ, ಮಗು ಇವತ್ತು ಬಂದೇ ಇಲ್ಲ ಎಂದು ಕೇಂದ್ರದವರು ಹೇಳಿದರು. ಆಗ ಆಕೆ ಅಂದದ್ದು, ಗಂಡ ಅವನನ್ನು ಕಾರಿನಲ್ಲಿ ಬಿಟ್ಟಿರಬೇಕು ಎಂದು. ನಿಮ್ಮ ಲೇಖನದಲ್ಲಿ ಅದು “ಕಾರಿನಲ್ಲಿ ಬಿಟ್ಟಿದ್ದಾನೆ” ಎಂದಾಗಿದೆ. ‘ಬಿಟ್ಟಿರಬೇಕು’ ಎನ್ನುವುದು ಊಹೆ, ‘ಬಿಟ್ಟಿದ್ದಾನೆ’ ಎನ್ನುವುದು ತಿಳಿವಳಿಕೆ. ಆ ಊಹೆ ಅಸಹಜವೂ ಅಲ್ಲ. ಬೆಳಿಗ್ಗೆ ಗಂಡನ ಕಾರಿನಲ್ಲಿ ಹೋದ ಮಗು ತಲುಪಬೇಕಾದಲ್ಲಿಗೆ ತಲುಪಿಲ್ಲ ಎಂದರೆ ತಾಯಿಯ ಮನಸ್ಸು ಇನ್ನೆಲ್ಲಿಗೆ ಓಡಬೇಕು? ಅಮೆರಿಕದಲ್ಲಿ 1998ರಿಂದ ಈಚೆಗೆ ವರ್ಷಕ್ಕೆ ಸರಾಸರಿ ಸುಮಾರು 37 ಮಕ್ಕಳು ಬಿಸಿಯಾದ ವಾಹನದೊಳಗೆ ಸತ್ತಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ದೊಡ್ಡವರು ಮರೆತು ಹೋಗಿದ್ದರು. ಅಲ್ಲಿನ ತಂದೆತಾಯಿಯರು ಇಂಥ ಸುದ್ದಿಯನ್ನು ಬೇಸಿಗೆ ಬೇಸಿಗೆಗೂ ಕೇಳುತ್ತಾರೆ.

ಇನ್ನೊಂದು ವಿಷಯ. ಆ ಪ್ರಶ್ನೆಯನ್ನು ನೀವೇ ಕೊಠಡಿಯಲ್ಲಿ ನಿಂತು ಕೇಳಿಸಿಕೊಂಡಂತೆ, “ಪಿಸುದನಿಯಲ್ಲಿ, ಕಣ್ಣು ತಪ್ಪಿಸಿ” ಎಂದು ಬರೆದಿದ್ದೀರಿ. ಲೋಕಕ್ಕೆ ಅದು ಮೊದಲು ತಲುಪಿದ್ದು 2014ರ ಜುಲೈ 3ರಂದು, ತನಿಖಾಧಿಕಾರಿ ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯದ ಮೂಲಕ. ಬಂಧನವನ್ನು ಸಮರ್ಥಿಸಲು ನಿಂತವರು ಆರಿಸಿ ಮುಂದಿಟ್ಟ ವಾಕ್ಯ ಅದು. ಹಿಂದಿನ ಮುಂದಿನ ಮಾತುಗಳಿಲ್ಲದೆ ಬಂದ ವಾಕ್ಯಕ್ಕೆ ದನಿಯನ್ನೂ ನೋಟವನ್ನೂ ಕಲ್ಪಿಸಿ ಸೇರಿಸುವ ಹಕ್ಕು ಕಥೆಗಾರನಿಗಿದೆ. ನಡೆದದ್ದನ್ನು ಹೇಳುತ್ತೇನೆ ಎಂದವನಿಗಿಲ್ಲ.

ನಿಮ್ಮ ಲೇಖನ 2016ರ ನವೆಂಬರಿನ ತೀರ್ಪಿಗೆ ನಿಂತುಹೋಗಿದೆ. ತಂದೆಯ ಮೇಲಿನ ಕೊಲೆಯ ಆರೋಪ ಸಾಬೀತಾಯಿತು, ಪೆರೋಲ್ ಇಲ್ಲದ ಜೀವಾವಧಿಯ ಜೊತೆಗೆ 32 ವರ್ಷಗಳ ಶಿಕ್ಷೆಯಾಯಿತು, ಸರಿ. 2022ರ ಜೂನ್‌ನಲ್ಲಿ ಜಾರ್ಜಿಯಾದ ಸುಪ್ರೀಂ ಕೋರ್ಟ್ ಆ ಕೊಲೆಯ ತೀರ್ಪನ್ನು 6-3ರ ಬಹುಮತದಿಂದ ರದ್ದುಪಡಿಸಿತು. ಅವನ ವಿವಾಹೇತರ ಲೈಂಗಿಕ ಸಂದೇಶಗಳ ರಾಶಿಯನ್ನು ಜ್ಯೂರಿಯ ಮುಂದೆ ಸುರಿದದ್ದು ಅನ್ಯಾಯದ ಪೂರ್ವಗ್ರಹಕ್ಕೆ ಎಡೆಮಾಡಿತು ಎಂಬುದು ಕಾರಣ. 2023ರಲ್ಲಿ ಸರ್ಕಾರಿ ವಕೀಲರು ಮತ್ತೆ ಕೊಲೆಯ ವಿಚಾರಣೆ ನಡೆಸುವುದಿಲ್ಲ ಎಂದರು. ಅಪ್ರಾಪ್ತ ವಯಸ್ಕಳಿಗೆ ಕಳಿಸಿದ ಸಂದೇಶಗಳ ಅಪರಾಧ ಮಾತ್ರ ಉಳಿಯಿತು. ಅವನು ಒಳ್ಳೆಯ ಗಂಡನಾಗಿರಲಿಲ್ಲ, ಅದನ್ನು ಧಾರಾಳವಾಗಿ ಬರೆಯಿರಿ. ಅದರಿಂದ ಮಗುವಿನ ಸಾವಿನ ಉದ್ದೇಶಕ್ಕೆ ಹಾರಬೇಡಿ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಆಸ್ಟ್ರೇಲಿಯಾದ ಉಲುರು ಬಳಿ 1980ರಲ್ಲಿ ಡಿಂಗೊ ಎಂಬ ಕಾಡುನಾಯಿ ಮಗುವನ್ನು ಎಳೆದೊಯ್ದಿತೆಂದು ಲಿಂಡಿ ಚೇಂಬರ್ಲಿನ್ ಹೇಳಿದಾಗ ಎಷ್ಟೋ ಜನ ನೋಡಿದ್ದು ಆಕೆಯ ಮುಖವನ್ನು. ಸಾಕಷ್ಟು ಅಳಲಿಲ್ಲ ಎಂದರು. 1982ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಮಗುವಿನ ಅಂಗಿ ಸಿಕ್ಕಿದ ಮೇಲೆ ಬಿಡುಗಡೆಯಾಯಿತು, 1988ರಲ್ಲಿ ತೀರ್ಪು ರದ್ದಾಯಿತು. ಸಾವಿಗೆ ಡಿಂಗೊವೇ ಕಾರಣ ಎಂದು ಮರಣ ವಿಚಾರಣಾಧಿಕಾರಿ ದಾಖಲಿಸಿದ್ದು 2012ರಲ್ಲಿ. ಮಗುವನ್ನು ಕಳೆದುಕೊಂಡವರು ಹೇಗೆ ಮಾತನಾಡಬೇಕು, ಹೇಗೆ ಅಳಬೇಕು ಎಂದು ನಾವು ಮನಸ್ಸಿನಲ್ಲೇ ಒಂದು ಅಳತೆ ಇಟ್ಟುಕೊಂಡಿರುತ್ತೇವೆ. ನಿಮ್ಮ ಮೂರನೆಯ ಪುಟದ “ಯಾವ ತಾಯಿ ಹೀಗೆ ಕೇಳುತ್ತಾಳೆ?” ಎಂಬ ಸಾಲಿನಲ್ಲಿ ಇರುವುದು ಅದೇ ಅಳತೆ. ಆ ಸಾಲನ್ನು ಹೊಡೆದುಹಾಕಿ.

ನಿಜಕ್ಕೂ ಬರೆಯಬೇಕಾದ ಭಾಗವನ್ನು ನೀವು ಒಂದೇ ವಾಕ್ಯದಲ್ಲಿ ದಾಟಿದ್ದೀರಿ. ಕೊಲೆಯ ವಿಚಾರಣೆ ನಡೆಯುವಷ್ಟರಲ್ಲಿ ಜಾರ್ಜಿಯಾದ ಆ ತಾಯಿ ವಿಚ್ಛೇದನ ಪಡೆದಾಗಿತ್ತು. ಗಂಡನ ಮೋಸವೆಲ್ಲ ಊರ ಬಾಯಿಗೆ ಬಿದ್ದಿತ್ತು. ಆದರೂ ಪ್ರತಿವಾದಿ ಪಕ್ಷದ ಸಾಕ್ಷಿಯಾಗಿ ಬಂದು, ಅವನು ಮಗುವನ್ನು ಪ್ರೀತಿಸುತ್ತಿದ್ದ ತಂದೆ ಎಂದಳು. ಈ ಮಾತಿನಲ್ಲಿ ಅಸ್ಪಷ್ಟತೆಯೇ ಇಲ್ಲ. ಅಸ್ಪಷ್ಟವಾದ ಐದು ಪದಗಳಿಗೆ ನಾಲ್ಕು ಪುಟ ಕೊಟ್ಟ ನೀವು ಇದಕ್ಕೆ ಒಂದು ಪುಟವನ್ನಾದರೂ ಕೊಡಿ.

ತಿದ್ದುವ ಮೊದಲು ಒಂದು ಕೆಲಸ ಮಾಡಿ. ಆ ಐದು ಪದಗಳ ಹೊಸ ಅನುವಾದವನ್ನಷ್ಟೇ ಬರೆದು ನನಗೆ ಕಳಿಸಿ. ಅದನ್ನು ನೋಡಿದ ಮೇಲೆ ಉಳಿದದ್ದನ್ನು ಮಾತನಾಡೋಣ.

ನಿಮ್ಮ
ಸಂಪಾದಕ