ಹಾಳೆಯ ಚೂರಿಗಿಂತ ಚೀಟಿ ದೊಡ್ಡದು

ಓದುಗರ ಪತ್ರ: ನನ್ನ ಸ್ನೇಹಿತರೊಬ್ಬರು ಚಂದ್ರಯಾತ್ರೆಯ ಅಪೋಲೋ ನೌಕೆಯ ಹೊರಮೈಗೆ ಅಂಟಿಸಿದ್ದ ಹೊಂಬಣ್ಣದ ಹಾಳೆಯ ಚೂರೊಂದನ್ನು ಪ್ರಮಾಣಪತ್ರದ ಸಮೇತ ಕೊಂಡಿದ್ದಾರೆ. ಉಗುರಿನಷ್ಟೂ ಇಲ್ಲದ ಚೂರಿಗೆ ಅಷ್ಟೊಂದು ಹಣ ಸುರಿಯುವುದು ಹುಚ್ಚಲ್ಲವೇ? ಇಂಥವು ಸಂಗ್ರಹಾಲಯದಲ್ಲಿರಬೇಕಲ್ಲವೇ?

ಸಂಪಾದಕರ ಉತ್ತರ: ಸಂಗ್ರಹಾಲಯದಲ್ಲಿದ್ದರೆ ಹೆಚ್ಚು ಜನ ನೋಡುತ್ತಾರೆ, ಒಪ್ಪಿದೆ. ದುಡ್ಡಿನಾಸೆ ಈ ಲೋಕವನ್ನು ಕೆಡಿಸಿದ್ದೂ ಉಂಟು. 1971ರಲ್ಲಿ ಅಪೋಲೋ 15ರ ಯಾತ್ರಿಗಳು ಅನುಮತಿಯಿಲ್ಲದೆ 398 ಅಂಚೆ ಲಕೋಟೆಗಳನ್ನು ಚಂದ್ರನವರೆಗೆ ಒಯ್ದರು. ಅವುಗಳಲ್ಲಿ ನೂರು ಜರ್ಮನಿಯ ಅಂಚೆಚೀಟಿ ವ್ಯಾಪಾರಿಯ ಕೈ ಸೇರಿದವು. ಮರುವರ್ಷ ಆ ಮೂವರು ಯಾತ್ರಿಗಳೂ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಿಂದ ಛೀಮಾರಿ ಹಾಕಿಸಿಕೊಂಡರು.

ಆದರೂ ನಿಮ್ಮ ಸ್ನೇಹಿತರನ್ನು ಹುಚ್ಚರೆಂದು ಕರೆಯುವ ಅವಸರ ಬೇಡವಿತ್ತು. ಹಾರಿಬಂದ ಹಾಳೆಗೂ ನೆಲದಲ್ಲೇ ಉಳಿದ ಹಾಳೆಗೂ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆಯೇ ಅದರ ಜೀವ. ಆ ದಾಖಲೆಯನ್ನು ಜತನದಿಂದ ಕಾಯುವವರು ಈ ಸಂಗ್ರಾಹಕರು. ವಸ್ತುವಿನ ಮೇಲಿನ ಸಂಖ್ಯೆಯನ್ನು ನೌಕೆಯ ಸಾಮಾನು ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ, ಯಾತ್ರಿಯ ಸಹಿಯುಳ್ಳ ಪತ್ರ ಕೇಳುತ್ತಾರೆ, ಯಾತ್ರಿಗಳಿಗೆಂದೇ ತಯಾರಿಸಿದ ರಾಬಿನ್ಸ್ ಪದಕವಾದರೆ ಕ್ರಮಸಂಖ್ಯೆ ಓದುತ್ತಾರೆ.

ಅಪೋಲೋ 11ರಲ್ಲಿ ಆರ್ಮ್‌ಸ್ಟ್ರಾಂಗ್ ಸಂಗ್ರಹಿಸಿದ ಮೊದಲ ಹಿಡಿಮಣ್ಣು ಬಂದ ಚೀಲದ ಕಥೆ ಕೇಳಿ. ದಾಖಲೆ ಅದಲುಬದಲಾಗಿ ಅದು ಯಾರಿಗೂ ಬೇಡದ ಸರಕಾಗಿತ್ತು. 2015ರ ಸರ್ಕಾರಿ ಹರಾಜಿನಲ್ಲಿ ಇಲಿನಾಯ್‌ನ ವಕೀಲೆಯೊಬ್ಬರು 995 ಡಾಲರಿಗೆ ಕೊಂಡು, ಪರೀಕ್ಷಿಸಿ ಹೇಳಿ ಎಂದು ತಾವಾಗಿಯೇ ನಾಸಾಗೆ ಕಳುಹಿಸಿದರು. ಒಳಗಿನ ಧೂಳು ಚಂದ್ರನದೇ ಎಂದು ತಿಳಿದದ್ದೇ ತಡ, ನಾಸಾ ಚೀಲವನ್ನು ಹಿಂದಿರುಗಿಸಲು ಒಪ್ಪಲಿಲ್ಲ. ನ್ಯಾಯಾಲಯ ಆಕೆಯ ಪರ ನಿಂತಿತು. 2017ರಲ್ಲಿ ಸಾದಬೀಸ್ ಹರಾಜಿನಲ್ಲಿ ಚೀಲಕ್ಕೆ 18 ಲಕ್ಷ ಡಾಲರ್ ಬಂತು. ಬೆಲೆ ಕೇಳಿ ಮೂಗು ಮುರಿಯುವವರು, ಅದನ್ನು ಗುರುತಿಸಲು ಪಟ್ಟು ಹಿಡಿದವರು ಯಾರೆಂಬುದನ್ನೂ ನೆನೆಯಲಿ.

ಅಪೋಲೋ 13ರ ನಾಯಕ ಜಿಮ್ ಲವೆಲ್ ಅವರಿಗಾದದ್ದೂ ಇಂಥದೇ. ದಾರಿಯಲ್ಲಿ ನೌಕೆ ಕೆಟ್ಟ ಸಂಕಟದ ಗಳಿಗೆಯಲ್ಲಿ ತಾವೇ ಲೆಕ್ಕ ಬರೆದ ಕೈಪಿಡಿಯನ್ನು ಅವರು 2011ರಲ್ಲಿ ಮಾರಿದಾಗ, ನಲವತ್ತು ವರ್ಷ ಸುಮ್ಮನಿದ್ದ ನಾಸಾ ಕಚೇರಿ ಒಡೆತನದ ಪ್ರಶ್ನೆ ಎತ್ತಿತು. ಇಂಥ ವಸ್ತುಗಳು ಯಾತ್ರಿಗಳವೇ ಎಂದು ಹೇಳಲು 2012ರಲ್ಲಿ ಅಮೆರಿಕ ಒಂದು ಕಾಯ್ದೆಯನ್ನೇ ತರಬೇಕಾಯಿತು.

ಇನ್ನು ಕಚೇರಿಗಳು ಕಾಯ್ದಿಟ್ಟ ಚೆಂದ ಹೇಳಲೇ? ಚಂದ್ರನ ಮೇಲಿನ ಮೊದಲ ನಡಿಗೆಯ ಮೂಲ ದೃಶ್ಯಗಳಿದ್ದ ಟೇಪುಗಳನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಲಾಗಿದೆ ಎಂದು 2009ರಲ್ಲಿ ನಾಸಾವೇ ಒಪ್ಪಿಕೊಂಡಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕಡತ ಕಳೆದುಕೊಂಡ ಕಚೇರಿಯನ್ನು ಯಾರೂ ಕೇಳುವುದಿಲ್ಲ. ಸ್ವಂತ ದುಡ್ಡಿನಲ್ಲಿ ಒಂದು ಚೂರನ್ನು ಕಾಯುವವನಿಗೆ ಹುಚ್ಚನೆಂಬ ಬಿರುದು.

ನಿಮ್ಮ ಸ್ನೇಹಿತರಿಗೆ ಹೇಳಿ, ಚೂರಿನ ಚಿತ್ರವನ್ನೂ ಪ್ರಮಾಣಪತ್ರದ ಪ್ರತಿಯನ್ನೂ ನಮಗೆ ಕಳುಹಿಸಲಿ, ಪ್ರಕಟಿಸುತ್ತೇವೆ. ಸಹಿ ಮಾಡಿದವರು ಯಾರು, ಅವರಿಗೆ ಹಾಳೆ ಎಲ್ಲಿಂದ ಬಂತು ಎಂಬುದು ಅದರಲ್ಲಿಲ್ಲದಿದ್ದರೆ, ಮಾರಿದವರಿಂದ ಈಗಲೇ ಬರೆಸಿಕೊಳ್ಳಲಿ.