ನಿಮಗೆ ಬರುವುದೇನೆಂದು ನಿಮ್ಮ ಪತ್ರವೇ ಹೇಳಿದೆ

ಪ್ರೀತಿಯ ತಂಗಿಗೆ,

ಮೈಸೂರಿನ ಕೃಷ್ಣಮೂರ್ತಿಪುರಂನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಯಜಮಾನರಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆಯೆಂದೂ, ಮೂರು ತಿಂಗಳೊಳಗೆ ನೀವೂ ಹೊರಡಬೇಕೆಂದೂ ತಿಳಿದು ಸಂತೋಷವಾಯಿತು. ಮನೆ ಬಾಡಿಗೆ, ಚಳಿ, ಅಡುಗೆ ಸಾಮಾನು ಎಲ್ಲವನ್ನೂ ಕೇಳಿದ ಮೇಲೆ, ಕೊನೆಯಲ್ಲಿ ನೀವು ಹೀಗೆ ಬರೆದಿದ್ದೀರಿ: "ಅಕ್ಕಾ, ಅಲ್ಲಿಗೆ ಬಂದು ನಾನು ಏನು ಮಾಡಲಿ? ಹಾಡು ಬರುವುದಿಲ್ಲ, ವೀಣೆ ಬರುವುದಿಲ್ಲ, ಕಂಪ್ಯೂಟರ್ ಓದಿದವಳಲ್ಲ. ಹೇಳಿಕೊಳ್ಳುವಂಥ ಪ್ರತಿಭೆ ನನ್ನಲ್ಲಿ ಒಂದೂ ಇಲ್ಲ." ಚಳಿಗೆ ಕೋಟು ಸಿಗುತ್ತದೆ, ಬಾಡಿಗೆಗೆ ಮನೆಯೂ ಸಿಗುತ್ತದೆ. ಈ ಪ್ರಶ್ನೆಯನ್ನು ಮಾತ್ರ ಹಾಗೇ ಹೊತ್ತುಕೊಂಡು ಬಂದರೆ ಮೊದಲ ವರ್ಷ ಬಹಳ ಭಾರವಾಗುತ್ತದೆ. ಆದ್ದರಿಂದ ಉಳಿದದ್ದನ್ನು ಬೇರೆ ಪತ್ರಕ್ಕಿಟ್ಟು ಇದಕ್ಕೇ ಉತ್ತರ ಬರೆಯುತ್ತಿದ್ದೇನೆ.

ವೀಣೆ ಶೇಷಣ್ಣನವರ ಊರಿನಲ್ಲಿ ಬೆಳೆದವರಿಗೆ ಪ್ರತಿಭೆಯೆಂದರೆ ವೇದಿಕೆಯ ಮೇಲೆ ಕಾಣುವುದು ಎಂಬ ಭಾವನೆ ಸಹಜವಾಗಿಯೇ ಬಂದುಬಿಡುತ್ತದೆ. ಪಕ್ಕದ ಬೀದಿಯಲ್ಲಿ ಒಬ್ಬರು ಸಂಗೀತ ಹೇಳಿಕೊಡುತ್ತಾರೆ, ಎದುರು ಮನೆಯಲ್ಲಿ ಇನ್ನೊಬ್ಬರು ಮೈಸೂರು ಶೈಲಿಯ ಚಿತ್ರಕ್ಕೆ ಚಿನ್ನದ ರೇಕು ಕೂರಿಸುತ್ತಾರೆ, ಅವರ ನಡುವೆ ನಿಂತು ತಮ್ಮನ್ನು ನೋಡಿಕೊಂಡವರಿಗೆ ತಮ್ಮ ಕೈ ಬರಿದಾಗಿಯೇ ಕಾಣುತ್ತದೆ. ಆದರೆ ನಮ್ಮ ಮಾತಿನಲ್ಲಿ ಪ್ರತಿಭೆಗಿಂತ ನನಗೆ ಪ್ರಿಯವಾದ ಒಂದು ಪದವಿದೆ, ಅದು ಕೈಗುಣ. ನೀವು ಹುಡುಕಬೇಕಾದದ್ದು ಅದನ್ನು.

ಕೈಗುಣ ಇರುವವರಿಗೆ ಅದು ತಮ್ಮಲ್ಲಿದೆಯೆಂದು ಗೊತ್ತಿರುವುದಿಲ್ಲ. ಇದನ್ನು ನಾನು ನನ್ನ ತಂದೆಯವರಲ್ಲಿ ಕಂಡೆ. ನಮ್ಮದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಊರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ಬೆಂಡೆಗಿಡದ ಲೋಳೆಗೆ ಕಶ್ಮಲವೆಲ್ಲ ಮೇಲೆದ್ದು, ಅದನ್ನು ತೆಗೆದ ಮೇಲೆ ಪಾಕ ಗಟ್ಟಿಯಾಗುತ್ತ ಬರುವಾಗ ಎಲ್ಲರೂ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಿದ್ದರು. ನಮ್ಮ ತಂದೆ ಗುಳ್ಳೆ ಒಡೆಯುವ ಸದ್ದನ್ನು ಕೇಳಿಯೇ "ಇಳಿಸ್ರಪ್ಪ" ಎನ್ನುತ್ತಿದ್ದರು. ಪಕ್ಕದ ಊರಿನ ಆಲೆಮನೆಯವರೂ ಅವರನ್ನು ಕರೆದೊಯ್ಯುತ್ತಿದ್ದರು. ಹೇಗೆ ಗೊತ್ತಾಗುತ್ತದೆಂದು ನಾನು ಕೇಳಿದರೆ, "ಅದ್ರಲ್ಲೇನೈತವ್ವ, ನಿಂತ್ಕಂಡ್ರೆ ಗೊತ್ತಾಯ್ತದೆ" ಎನ್ನುವುದಷ್ಟೇ ಅವರ ಉತ್ತರವಾಗಿತ್ತು. ಅವರ ಪಾಲಿಗೆ ಅದು ವಿದ್ಯೆಯೇ ಆಗಿರಲಿಲ್ಲ.

ನನ್ನ ವಿಷಯವೂ ಹಾಗೆಯೇ ಆಯಿತು. ಪಿಯುಸಿ ಓದುತ್ತಿದ್ದ ದಿನಗಳಿಂದಲೂ ಊರಿನವರು ಅರ್ಜಿ ಬರೆಸಿಕೊಳ್ಳಲು ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ಪಹಣಿಯಲ್ಲಿ ಹೆಸರು ತಪ್ಪಾಗಿರುತ್ತಿತ್ತು, ವಿಧವಾ ವೇತನ ನಿಂತಿರುತ್ತಿತ್ತು, ಸೊಸೈಟಿಯ ಸಾಲದ ನೋಟೀಸು ಬಂದಿರುತ್ತಿತ್ತು. ಬಂದವರು ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಹೇಳುತ್ತಿದ್ದರು. ನಾನು ಮೊದಲು ಒಂದು ಲೋಟ ನೀರು ಕೊಟ್ಟು, ಅವರ ಪ್ಲಾಸ್ಟಿಕ್ ಚೀಲದಲ್ಲಿದ್ದ ಕಾಗದಗಳನ್ನು ತಾರೀಕಿನ ಪ್ರಕಾರ ಜಗಲಿಯ ಮೇಲೆ ಸಾಲಾಗಿ ಜೋಡಿಸಿ, ಹಳೆಯ ಕಾಗದದಿಂದ ಆರಂಭಿಸಿ ಒಂದೊಂದನ್ನೇ ಕೇಳುತ್ತಿದ್ದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಇದು ಕಲಿಕೆ ಎಂದೂ ನನಗೆ ಅನ್ನಿಸಲಿಲ್ಲ.

2008ರಲ್ಲಿ ಮದುವೆಯಾಗಿ ಇಲ್ಲಿಗೆ, ಇಂಗ್ಲೆಂಡಿಗೆ ಬಂದೆ. ಎರಡು ವರ್ಷ ಮನೆಯಲ್ಲೇ ಕಳೆದ ಮೇಲೆ, ಜನರಿಗೆ ಉಚಿತವಾಗಿ ಸಲಹೆ ಕೊಡುವ ಒಂದು ಕೇಂದ್ರದಲ್ಲಿ ಸಂಬಳವಿಲ್ಲದ ಸ್ವಯಂಸೇವಕಿಯಾಗಿ ಸೇರಿದೆ. ಬಂದವರನ್ನು ಕೂರಿಸಿ ಹೆಸರು ಬರೆದುಕೊಳ್ಳುವುದಷ್ಟೇ ನನ್ನ ಕೆಲಸವಾಗಿತ್ತು. ಒಂದು ನವೆಂಬರ್ ಸಂಜೆ, ನಾಲ್ಕೂವರೆಗೇ ಕತ್ತಲಾಗಿದ್ದ ಹೊತ್ತಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಅಂಗಡಿಯ ಚೀಲದ ತುಂಬ ಒಡೆಯದ ಲಕೋಟೆಗಳನ್ನು ತಂದು ಮೇಜಿನ ಮೇಲೆ ಸುರಿದು ಅಳತೊಡಗಿದರು. ಇಲ್ಲಿ ತೆರಿಗೆ, ಪಿಂಚಣಿ, ಸರ್ಕಾರಿ ನೆರವಿನ ಕಾಗದಗಳು ಹೆಚ್ಚಾಗಿ ಕಂದು ಲಕೋಟೆಯಲ್ಲಿ ಬರುತ್ತವೆ, ಅವುಗಳನ್ನು ಕಂಡರೇ ಹೆದರಿ ಒಡೆಯದೆ ಇಡುವವರು ಬಹಳ ಮಂದಿ. ನಾನು ಏನೂ ಯೋಚಿಸದೆ ನೀರು ತಂದುಕೊಟ್ಟೆ. ಕಂದು ಲಕೋಟೆಗಳನ್ನು ಒಂದು ಕಡೆ, ಬಿಳಿಯವನ್ನು ಇನ್ನೊಂದು ಕಡೆ ಮಾಡಿ, ಅಂಚೆಯ ಮುದ್ರೆ ನೋಡಿ ಸಾಲಾಗಿ ಇಟ್ಟು, "ಎಲ್ಲಕ್ಕಿಂತ ಹಳೆಯದನ್ನು ಮೊದಲು ಒಡೆಯೋಣವೇ?" ಎಂದು ಕೇಳಿದೆ. ಇಪ್ಪತ್ತೆರಡು ಲಕೋಟೆಗಳಿದ್ದವು, ಅವುಗಳಲ್ಲಿ ನಿಜವಾಗಿಯೂ ಅವಸರದವು ಮೂರೇ. ಆಕೆ ಹೋದ ಮೇಲೆ ಮೇಲ್ವಿಚಾರಕಿ ನನ್ನನ್ನು ಕರೆದು, ಈ ಕೆಲಸವನ್ನು ಎಲ್ಲಿ ಕಲಿತಿರಿ, ಇದನ್ನು ಕಲಿಸಲು ನಮ್ಮಲ್ಲಿ ವಾರಗಟ್ಟಲೆ ತರಬೇತಿ ಕೊಡುತ್ತೇವೆ ಎಂದರು. ಊರಿನ ಜಗಲಿ ನನ್ನ ಕಣ್ಣ ಮುಂದೆ ಬಂತು. ಅಂದು ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅತ್ತೆ. ಈಗ ಅದೇ ಕೇಂದ್ರದಲ್ಲಿ ಸಂಬಳದ ಕೆಲಸದಲ್ಲಿದ್ದೇನೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಖಾಸಗಿ ಶಾಲೆಯೊಂದರ ಕಚೇರಿಯಲ್ಲಿ ಏಳು ವರ್ಷ ಕೆಲಸ ಮಾಡಿದೆ ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿ, ಅದರ ಪಕ್ಕದಲ್ಲಿ "ಜೂನ್ ಬಂತೆಂದರೆ ತಾಯಂದಿರು ಕಿಟಕಿಯ ಹತ್ತಿರ ಬಂದು ಆ ಮೇಡಂ ಇಲ್ಲವೇ ಎಂದು ನನ್ನನ್ನೇ ಹುಡುಕುತ್ತಿದ್ದರು, ಉಳಿದವರಿಗೆ ಅದರಿಂದ ಬೇಸರವಾಗುತ್ತಿತ್ತು" ಎಂದು ಸಂಕೋಚದಿಂದ ಬರೆದಿದ್ದೀರಿ. ತಂಗಿ, ಅದು ಸಂಕೋಚಪಡುವ ವಿಷಯವೇ ಅಲ್ಲ. ನಾಲ್ಕು ಜನ ಕುಳಿತಿರುವ ಕಚೇರಿಯಲ್ಲಿ ಸಾಲಿನಲ್ಲಿ ನಿಂತವರು ನಿಮ್ಮನ್ನೇ ಏಕೆ ಹುಡುಕುತ್ತಿದ್ದರು? ಶುಲ್ಕದ ಕಂತು, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ ಎಂದು ತಲೆ ಕೆಟ್ಟು ಬಂದ ತಾಯಿಗೆ ಮೂರು ಮಾತಿನಲ್ಲಿ ದಾರಿ ತೋರಿಸುವುದು ಎಲ್ಲರಿಗೂ ಬರುವುದಿಲ್ಲ. ಜನರು ಯಾವ ಕೆಲಸಕ್ಕಾಗಿ ನಮ್ಮನ್ನು ಹುಡುಕಿಕೊಂಡು ಬರುತ್ತಾರೋ ಅಲ್ಲಿ ನಮ್ಮ ಕೈಗುಣವಿರುತ್ತದೆ. ನಮ್ಮನ್ನು ನಾವೇ ಎಷ್ಟು ಕೇಳಿಕೊಂಡರೂ ಹೊಳೆಯದ ಉತ್ತರ ಈ ಒಂದು ಗುರುತಿನಿಂದ ಹೊಳೆಯುತ್ತದೆ ಎಂಬುದು ನನ್ನ ಅನುಭವ.

ಎರಡನೆಯದನ್ನು ನೀವು ಹವ್ಯಾಸ ಎಂದು ಬದಿಗೆ ಸರಿಸಿದ್ದೀರಿ. ಪ್ರತಿ ದಸರೆಗೆ ಒಂಬತ್ತು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವುದು, ಅತ್ತೆಯವರ ಪಟ್ಟದ ಗೊಂಬೆಗಳಿಗೆ ಹೊಸ ಸೀರೆ, ಪೇಟ ಹೊಲಿಯುವುದು, ಕೈ ಮುರಿದ ಹಳೆಯ ಮಣ್ಣಿನ ಗೊಂಬೆಗಳನ್ನು ಸರಿಪಡಿಸುವುದು, ಗೊಂಬೆ ಬಾಗಿನಕ್ಕೆಂದು ಬರುವ ಬೀದಿಯ ಮಕ್ಕಳಿಗೆ ಪ್ರತಿ ಮೆಟ್ಟಿಲಿನ ಕಥೆ ಹೇಳುವುದು. "ಇದು ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇರುವುದೇ" ಎಂದಿದ್ದೀರಿ. ಎಲ್ಲರ ಮನೆಯಲ್ಲೂ ಗೊಂಬೆ ಇರುತ್ತದೆ, ನಿಜ. ಮುರಿದ ಗೊಂಬೆಯನ್ನು ಎಲ್ಲರೂ ನಿಮ್ಮ ಮನೆಗೇ ತಂದುಕೊಡುತ್ತಾರೆ ಎಂದೂ ನೀವೇ ಬರೆದಿದ್ದೀರಲ್ಲ! ಸಣ್ಣ ವಸ್ತುವನ್ನು ತಾಳ್ಮೆಯಿಂದ ಸರಿಪಡಿಸುವ ಬೆರಳು ಮತ್ತು ಮಕ್ಕಳನ್ನು ಹಿಡಿದು ಕೂರಿಸುವ ಮಾತು ಎಂಬ ಎರಡು ಬೇರೆ ಬೇರೆ ವಿದ್ಯೆಗಳು ಅದರಲ್ಲಿವೆ.

ಗುರುತಿಸಿಕೊಂಡ ಮೇಲೆ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ, ನಮ್ಮವರು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಆತ್ಮಪ್ರಶಂಸೆ ಕೂಡದೆಂದು ಕಲಿತು ಬೆಳೆದವರು ನಾವು. ನನ್ನ ಮೊದಲ ಸಂದರ್ಶನದಲ್ಲಿ ಏನು ಕೇಳಿದರೂ "ಸ್ವಲ್ಪ ಗೊತ್ತು" ಎಂದೆ, ನಾನೊಬ್ಬಳೇ ಮಾಡಿದ ಕೆಲಸವನ್ನೂ "ನಾವು ಮಾಡಿದೆವು" ಎಂದೆ. ಆಯ್ಕೆಯಾಗಲಿಲ್ಲ. ಇಲ್ಲಿ ಕಾರಣ ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ. ಕೇಳಿದಾಗ, ಅದರಲ್ಲಿ ನೀವು ಮಾಡಿದ್ದೆಷ್ಟು ಎಂಬುದು ನಮಗೆ ತಿಳಿಯಲೇ ಇಲ್ಲ ಎಂದರು. ಅವರು ಉತ್ತರಗಳಿಗೆ ಅಂಕ ಕೊಡುತ್ತಾರೆ, ನಮ್ಮ ವಿನಯಕ್ಕೆ ಅಲ್ಲಿ ಅಂಕವಿಲ್ಲ. ಪರಿಸ್ಥಿತಿ ಏನಿತ್ತು, ನನ್ನ ಹೊಣೆ ಏನು, ನಾನು ಏನು ಮಾಡಿದೆ, ಅದರಿಂದ ಏನಾಯಿತು ಎಂಬ ಕ್ರಮದಲ್ಲಿ ಒಂದೊಂದು ನಿಜವಾದ ಘಟನೆಯನ್ನು ಹೇಳುವುದೇ ಇಲ್ಲಿನ ರೂಢಿ. ಅರ್ಜಿಯಲ್ಲಿಯೂ ಹಾಗೆಯೇ: ಕೆಲಸದ ಪ್ರಕಟಣೆಯ ಜೊತೆ ಅತ್ಯಗತ್ಯವಾದವು, ಇದ್ದರೆ ಒಳ್ಳೆಯದಾದವು ಎಂಬ ಎರಡು ಪಟ್ಟಿಗಳಿರುತ್ತವೆ, ಒಂದೊಂದಕ್ಕೂ ನಿಮ್ಮ ಜೀವನದಿಂದ ಒಂದು ಉದಾಹರಣೆ ಬರೆಯಬೇಕು. ಆಗಿದ್ದನ್ನು ಆದಂತೆ ಹೇಳುವುದು ಜಂಬವಲ್ಲ. ಇದನ್ನು ಮೈಸೂರಿನಲ್ಲಿದ್ದಾಗಲೇ ಗಟ್ಟಿಯಾಗಿ, ಇಂಗ್ಲಿಷಿನಲ್ಲಿ, ಯಜಮಾನರ ಎದುರು ಕುಳಿತು ಅಭ್ಯಾಸ ಮಾಡಿ.

ಹಂಚಿಕೊಳ್ಳುವ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ, ನೀವು ಮಾಡಬೇಡಿ. ಬಂದ ಹೊಸತರಲ್ಲಿ ಇಲ್ಲಿನ ಕನ್ನಡದ ಮಕ್ಕಳಿಗೆ ಸೋಬಾನೆ ಪದ ಕಲಿಸುತ್ತೇನೆಂದು ಬಹಳ ಆಸೆಯಿಂದ ಎಲ್ಲರಿಗೂ ಹೇಳಿಕೊಂಡೆ. ಬಂದವರು ಇಬ್ಬರು. ಮನಸ್ಸಿಗೆ ಪೆಟ್ಟಾಯಿತು. ತಿಂಗಳಾದ ಮೇಲೆ ತಾಯಂದಿರನ್ನೇ ಕೇಳಿದೆ. ಊರಿನಲ್ಲಿರುವ ಅಜ್ಜಿಯ ಜೊತೆ ಫೋನಿನಲ್ಲಿ ಐದು ನಿಮಿಷ ಮಾತಾಡುವಷ್ಟು ಕನ್ನಡ ಮಕ್ಕಳಿಗೆ ಬಂದರೆ ಸಾಕಾಗಿತ್ತು ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಭಾನುವಾರದ ಪಾಠವನ್ನು ಹಾಗೆಯೇ ಬದಲಿಸಿದೆ, ಇಂದಿಗೂ ನಡೆಯುತ್ತಿದೆ, ಸೋಬಾನೆ ಪದಗಳು ಅಜ್ಜಿಗೆ ಹಾಡಿ ತೋರಿಸುವ ನೆಪದಲ್ಲಿ ಒಂದೊಂದಾಗಿ ಬಂದವು. ನಮಗೆ ಕೊಡಲು ಆಸೆಯಿರುವುದಕ್ಕೂ ಅವರಿಗೆ ಬೇಕಾಗಿರುವುದಕ್ಕೂ ನಡುವಿನ ಅಂತರವನ್ನು ಕೇಳಿಯೇ ತಿಳಿಯಬೇಕು. ನಮ್ಮವರೊಳಗೇ ಉಳಿದುಬಿಡಬೇಡಿ ಎಂದೂ ಹೇಳುತ್ತೇನೆ. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತಾಗ ನಮಗೆಲ್ಲ ಎದೆ ತುಂಬಿ ಬಂತು, ಆದರೂ ಬೀದಿಯ ಕೊನೆಯ ಗ್ರಂಥಾಲಯ, ಪಕ್ಕದ ಶಾಲೆ, ಸಣ್ಣ ವಸ್ತುಸಂಗ್ರಹಾಲಯ ಇವುಗಳ ಬಾಗಿಲು ತಟ್ಟಿದಾಗಲೇ ಈ ಊರು ನನ್ನದಾಯಿತು.

ನಿಯಮಗಳನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಯಜಮಾನರ ಕೆಲಸದ ವೀಸಾದ ಮೇಲೆ ಅವಲಂಬಿತರಾಗಿ ಬರುವ ನೀವು ಇಲ್ಲಿ ಕೆಲಸ ಮಾಡಬಹುದು. ವೃತ್ತಿಪರ ಕ್ರೀಡೆಯಂಥ ಕೆಲವೇ ನಿರ್ಬಂಧಗಳಿವೆ. ವೀಸಾ ಈಗ ಆನ್‌ಲೈನ್ ದಾಖಲೆಯಾಗಿಯೇ ಇರುವುದರಿಂದ ನಿಮ್ಮ ಷರತ್ತುಗಳನ್ನು ಅಲ್ಲಿಯೇ ಓದಿಕೊಳ್ಳಿ. ಮಕ್ಕಳ ನಡುವೆ ಮಾಡುವ ಕೆಲಸಕ್ಕೆ, ಅದು ಸಂಬಳವಿಲ್ಲದ ಸೇವೆಯಾದರೂ, ಹಿನ್ನೆಲೆಯ ಪರಿಶೀಲನೆ ಇರುತ್ತದೆ, ಶಾಲೆಗಳು ಹೊರದೇಶದಿಂದ ಬಂದವರಲ್ಲಿ ತಾಯ್ನಾಡಿನ ಪೊಲೀಸ್ ಪ್ರಮಾಣಪತ್ರವನ್ನೂ ಕೇಳುವುದುಂಟು. ಆದ್ದರಿಂದ ಪಾಸ್‌ಪೋರ್ಟ್ ಕಚೇರಿಯಿಂದ ಅದನ್ನು ಹೊರಡುವ ಮುನ್ನವೇ ಮಾಡಿಸಿಕೊಳ್ಳಿ. ನಿಮ್ಮ ಶಾಲೆಯಿಂದ ಅನುಭವದ ಪತ್ರವನ್ನೂ, ನಿಮ್ಮ ಬಗ್ಗೆ ವಿಚಾರಿಸಿದರೆ ಉತ್ತರಿಸಬಲ್ಲ ಇಬ್ಬರ ಇಮೇಲ್ ವಿಳಾಸವನ್ನೂ ತಪ್ಪದೆ ತನ್ನಿ. ಮನೆಯಲ್ಲಿ ತಿಂಡಿ ಮಾಡಿ ಮಾರುವ ಯೋಚನೆ ಬಂದರೆ, ಆರಂಭಿಸುವ 28 ದಿನ ಮೊದಲು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಬೇಕು, ಎಳ್ಳು, ಕಡಲೆಕಾಯಿ, ಹಾಲು ಸೇರಿದಂತೆ 14 ಬಗೆಯ ಅಲರ್ಜಿಕಾರಕಗಳಲ್ಲಿ ಯಾವುದಿದೆ ಎಂಬುದನ್ನು ಕೊಳ್ಳುವವರಿಗೆ ತಿಳಿಸಬೇಕು. ನಮ್ಮ ಚಟ್ನಿಪುಡಿಗೂ ಇದು ಅನ್ವಯಿಸುತ್ತದೆ. ಇನ್ನೊಂದು ಮಾತು ನನ್ನ ಕೆಲಸಕ್ಕೆ ಸೇರಿದ್ದು: ಕಾಗದಪತ್ರದಲ್ಲಿ ಚುರುಕಾದವರನ್ನು ನಮ್ಮವರು ವೀಸಾ ಅರ್ಜಿಗೆ ಸಲಹೆ ಕೇಳುತ್ತಾರೆ. ಪರವಾನಗಿಯಿಲ್ಲದೆ ವಲಸೆಯ ವಿಷಯದಲ್ಲಿ ವೃತ್ತಿಯಂತೆ ಸಲಹೆ ಕೊಡುವುದು ಇಲ್ಲಿ 1999ರ ಕಾನೂನಿನ ಪ್ರಕಾರ ಅಪರಾಧ. ಎಷ್ಟೇ ದಾಕ್ಷಿಣ್ಯವಾದರೂ ಅದಕ್ಕೆ ಕೈ ಹಾಕಬೇಡಿ.

ದಾಕ್ಷಿಣ್ಯದ ಮಾತು ಬಂದಿದ್ದರಿಂದ ಇದನ್ನೂ ಬರೆಯುತ್ತೇನೆ. ಒಂದು ಸಂಘದ ಹಬ್ಬಗಳಿಗೆ ಎರಡು ವರ್ಷ ನಾನೊಬ್ಬಳೇ ನೂರು ಜನರಿಗೆ ಬಿಸಿಬೇಳೆಬಾತ್ ಮಾಡಿಕೊಟ್ಟೆ, ಸಾಮಾನಿನ ಖರ್ಚನ್ನೂ ಕೇಳಲಿಲ್ಲ. ಕೊನೆಗೆ ಹಬ್ಬ ಬಂತೆಂದರೆ ಎದೆ ಹೊಡೆದುಕೊಳ್ಳುವ ಹಾಗಾಯಿತು. ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲೆ, ಯಾವುದನ್ನು ಪ್ರೀತಿಯಿಂದ ಬಿಟ್ಟಿಯಾಗಿ ಮಾಡುವೆ, ಯಾವುದಕ್ಕೆ ಹಣ ತೆಗೆದುಕೊಳ್ಳುವೆ ಎಂದು ಮೊದಲ ದಿನವೇ ಹೇಳಿದ್ದರೆ ಅವರಿಗೂ ಬೇಸರವಾಗುತ್ತಿರಲಿಲ್ಲ, ನನಗೂ ಆಗುತ್ತಿರಲಿಲ್ಲ.

ಪಟ್ಟದ ಗೊಂಬೆಗಳನ್ನು ತರಬಹುದೇ ಎಂದು ಕೇಳಿದ್ದೀರಿ. ಅವು ರಕ್ತಚಂದನದವು ಎಂದು ಬರೆದಿರುವುದರಿಂದ ತರಬೇಡಿ, ಆ ಮರವನ್ನು ದೇಶದಿಂದ ಹೊರಗೆ ಒಯ್ಯುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿದೆ, ವಿಮಾನ ನಿಲ್ದಾಣದಲ್ಲಿ ಅತ್ತೆಯವರ ಗೊಂಬೆ ಕೈತಪ್ಪುವುದು ಬೇಡ. ಅವುಗಳಿಗೆ ನೀವು ಹೊಲಿದ ಪುಟ್ಟ ಸೀರೆ, ಪೇಟಗಳನ್ನೂ, ಗೊಂಬೆ ಸರಿಪಡಿಸುವ ಸಾಮಾನಿನ ಡಬ್ಬಿಯನ್ನೂ ತನ್ನಿ. ಸೂಜಿ, ಕತ್ತರಿಯನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡಿ. ನನ್ನ ಮನೆಯಲ್ಲಿ ಬೆರಳು ಮುರಿದ ಒಬ್ಬ ಮಣ್ಣಿನ ಸೆಟ್ಟರು, ಬಣ್ಣ ಹೋದ ಒಬ್ಬ ಸೆಟ್ಟಮ್ಮ ಹದಿನೈದು ವರ್ಷದಿಂದ ಬೀರುವಿನಲ್ಲಿದ್ದಾರೆ. ಈ ದಸರೆಗೆ ಮೂರು ಮೆಟ್ಟಿಲು ಕಟ್ಟಿ ಅವರನ್ನು ಕೂರಿಸೋಣ, ನನ್ನ ಭಾನುವಾರದ ಮಕ್ಕಳನ್ನೂ ಕರೆಯುತ್ತೇನೆ, ಕಥೆ ನೀವು ಹೇಳಿ.

ನಿಮ್ಮ ಅಕ್ಕ